ಅಪ್ಪನ ಫೋನಿಗೆ ಬಂದ ಆರು ಅಂಕಿ

ಹೋದ ವಾರ ಚನ್ನಗಿರಿಯ ಆಸ್ಪತ್ರೆಯಲ್ಲಿ ನೋಂದಣಿ ಕಿಟಕಿಯ ಹತ್ತಿರ ಒಬ್ಬ ಮುದುಕರು ನನ್ನ ಮುಂದೆ ಮೊಬೈಲು ಹಿಡಿದರು. "ಸಿಸ್ಟರ್, ಅದೇನೋ ನಂಬರ್ ಬಂದೈತಂತೆ. ಕನ್ನಡಕ ಮನೇಲಿ ಬಿಟ್ಟು ಬಂದೀನಿ, ಚೂರು ಓದಿ ಹೇಳ್ರಿ" ಎಂದರು. ಆರು ಅಂಕಿಗಳಿದ್ದವು. ಓದಿ ಹೇಳಿದೆ. ಕಂಪ್ಯೂಟರಿನ ಮುಂದೆ ಕುಳಿತಿದ್ದವಳು ಒತ್ತಿಕೊಂಡಳು, ಮುದುಕರ ಕೆಲಸ ಮುಗಿಯಿತು, ಚೀಟಿ ಹಿಡಿದು ಹೋದರು. ನಾನು ವಾರ್ಡಿಗೆ ವಾಪಸು ಬಂದವಳು ಮೊದಲು ಹುಡುಕಿದ್ದು ನೀರಿನ ಬಾಟಲಿ. ಬಾಯಿ ಅಷ್ಟು ಒಣಗಿಹೋಗಿತ್ತು. ಓಟಿಪಿ ಎಂಬ ಮಾತು ಕೇಳಿದರೆ ಈಗಲೂ ನನಗೆ ಹೀಗಾಗುತ್ತದೆ. ಜೊತೆಯ ನರ್ಸುಗಳು ನಗುತ್ತಾರೆ. ಕಾರಣ ಯಾರಿಗೂ ಹೇಳಿಲ್ಲ.

ಎಂಟು ವರ್ಷದ ಹಿಂದೆ ನಾನು ಇದೇ ಚನ್ನಗಿರಿಯ ಒಂದು ಖಾಸಗಿ ನರ್ಸಿಂಗ್ ಕಾಲೇಜಿನಲ್ಲಿ ಮೊದಲ ವರ್ಷ ಓದುತ್ತಿದ್ದೆ. ನಮ್ಮೂರು ನ್ಯಾಮತಿ. ಅವ್ವ ಹಾಲಮ್ಮ ನಾನು ಚಿಕ್ಕವಳಿದ್ದಾಗಿನಿಂದ ಅಲ್ಲಿನ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಾಳೆ. ಮನೆಯಲ್ಲಿ ನಾವಿಬ್ಬರೇ. ಕಾಲೇಜಿಗೆ ಸೇರುವಾಗ ಕಟ್ಟಬೇಕಾದ ಮೊದಲ ಕಂತನ್ನು ಅವ್ವ ಮಹಿಳಾ ಸಂಘದಿಂದ ತಂದು ಕಟ್ಟಿದ್ದಳು. ಉಳಿದ ಫೀಸಿಗೆ ಸರ್ಕಾರದ ವಿದ್ಯಾರ್ಥಿವೇತನ ಇದೆ, ಅರ್ಜಿ ಹಾಕಿದ ರಸೀದಿ ತಂದು ತೋರಿಸಿದರೆ ಹಣ ಬರುವವರೆಗೂ ಕಾಯುತ್ತೇವೆ ಎಂದು ಕಾಲೇಜಿನವರು ಹೇಳಿದ್ದರು. ರಸೀದಿ ತೋರಿಸದಿದ್ದರೆ ಪೂರ್ತಿ ಫೀಸು ಕಟ್ಟಬೇಕು. ಕಟ್ಟದಿದ್ದರೆ ಹಾಲ್ ಟಿಕೆಟ್ ಇಲ್ಲ.

ಸಂಕ್ರಾಂತಿ ಕಳೆದ ಮೇಲಿನ ದಿನಗಳು. ಬೆಳಿಗ್ಗೆ ಚಳಿ, ಹತ್ತು ಗಂಟೆಯಾದರೆ ಚುರುಗುಟ್ಟುವ ಬಿಸಿಲು. ಒಂದು ದಿನ ಫೀಸು ಕೌಂಟರಿನ ಮೇಡಂ ನನ್ನನ್ನು ಕರೆದರು. "ರೇಖಾ, ಇಡೀ ಕ್ಲಾಸಲ್ಲಿ ನಿಂದೊಂದೇ ಉಳಿದೈತೆ ನೋಡು. ತಿಂಗಳ ಕೊನೆಗೆ ಅರ್ಜಿ ಹಾಕೋದು ಮುಚ್ಚತೈತೆ. ಆಮೇಲೆ ಇಲ್ಲಿ ಬಂದು ಅತ್ತರೆ ನಾನೇನೂ ಮಾಡಾಕೆ ಬರಲ್ಲ" ಎಂದರು. ಕೆಟ್ಟವರಲ್ಲ ಆಕೆ. ಕೆಟ್ಟವರಾಗಿದ್ದರೆ ನನಗೆ ಅಷ್ಟು ಹೆದರಿಕೆ ಆಗುತ್ತಿರಲಿಲ್ಲವೇನೋ. ನಿಜವಾಗಿಯೂ ಏನೂ ಮಾಡಲಾಗುವುದಿಲ್ಲ ಎಂಬುದು ಅವರ ಮುಖದಲ್ಲೇ ಇತ್ತು.

ಬಸ್‌ಸ್ಟ್ಯಾಂಡಿನ ಹಿಂದೆ ರುದ್ರೇಶಣ್ಣನ ಸೈಬರ್ ಸೆಂಟರ್ ಇತ್ತು. ಹಿಂದೆ ಟೈಪಿಂಗ್ ಕಲಿಸುತ್ತಿದ್ದ ಮನುಷ್ಯ, ಐವತ್ತು ದಾಟಿದವರು. ಕೀಬೋರ್ಡನ್ನು ಹಳೆಯ ಟೈಪ್‌ರೈಟರ್ ಎಂಬಂತೆ ಹತ್ತೂ ಬೆರಳಲ್ಲಿ ಕುಟ್ಟುತ್ತಿದ್ದರು. ನನ್ನ ಅಂಕಪಟ್ಟಿ, ಜಾತಿ ಪತ್ರ, ಅವ್ವನ ಹೆಸರಿನ ಆದಾಯ ಪತ್ರ ಎಲ್ಲವನ್ನೂ ಸ್ಕ್ಯಾನ್ ಮಾಡಿ ಏರಿಸಿದರು. ಆಮೇಲೆ ಒಂದು ಪುಟದಲ್ಲಿ ಬಂದು ನಿಂತರು. ತಂದೆಯ ವಿವರ. ಅದರ ಕೆಳಗೆ ಮೂರು ಸಣ್ಣ ವೃತ್ತ: ಜೀವಂತ, ಮೃತ, ವಿಚ್ಛೇದಿತ.

"ತಂದೆ ಆಧಾರ್ ನಂಬರ್ ಹೇಳವ್ವ."

ಅಪ್ಪನ ಆಧಾರಿನ ಹಳೆಯ ಜೆರಾಕ್ಸು ಟ್ರಂಕಿನಲ್ಲಿತ್ತು, ತಂದಿದ್ದೆ. ಕೊಟ್ಟೆ.

"ಇದಕ್ಕೆ ಸೇರಿಸಿರೋ ಮೊಬೈಲಿಗೆ ಓಟಿಪಿ ಹೋಗತೈತೆ. ಮೊಬೈಲು ಯಾರ ಹತ್ರ ಐತೆ?"

"ಅಪ್ಪನ ಹತ್ರಾನೇ ಇರಬೇಕಣ್ಣ. ಅವರು ನಮ್ಮ ಜೊತೆ ಇಲ್ಲ."

"ಡೈವೋರ್ಸ್ ಆಗೈತಾ? ಕೋರ್ಟಿಂದ ಕಾಗದ ಐತಾ?"

"ಇಲ್ಲ."

"ಹಂಗಾದ್ರೆ ಬದುಕಿರೋ ಅಪ್ಪ. ಬದುಕಿರೋ ಅಪ್ಪಂದು ಓಟಿಪಿ ಬೇಕೇ ಬೇಕು."

ರುದ್ರೇಶಣ್ಣ ಅತ್ತಿತ್ತ ನೋಡಿ ದನಿ ತಗ್ಗಿಸಿದರು. "ನೋಡವ್ವ, ತೀರಿಕೊಂಡಾರೆ ಅಂತ ಒತ್ತಿದ್ರೆ ಓಟಿಪಿ ಕೇಳಲ್ಲ. ಮರಣ ಪತ್ರ ಒಂದು ಹಾಕಬೇಕು. ಅಂಥವನ್ನ ಮಾಡಿಕೊಡೋ ಮಂದಿ ಅದಾರೆ. ನಾನು ಆ ಕೆಲಸಕ್ಕೆ ಕೈ ಹಾಕಲ್ಲ. ನೀನು ತಂದುಕೊಟ್ರೆ ಏರಿಸಿಕೊಡ್ತೀನಿ. ಮುಂದೆ ಸಿಕ್ಕಿಬಿದ್ರೆ ನಿನ್ನ ತಲೆ ಮೇಲೆ."

ಹೇಳುತ್ತಲೇ ಮೌಸನ್ನು ಸರಿಸಿ ಬಾಣದ ಗುರುತನ್ನು 'ಮೃತ' ಎಂಬುದರ ಮೇಲೆ ನಿಲ್ಲಿಸಿದರು. ಒತ್ತಲಿಲ್ಲ, ನಿಲ್ಲಿಸಿದರು ಅಷ್ಟೆ. ಒತ್ತಿಬಿಡಲಿ ಎಂದು ನನ್ನ ಮನಸ್ಸು ಕೂಗುತ್ತಿತ್ತು. ನಾನು ಎದ್ದು ನಿಂತು, ಸೋಮವಾರ ಬರುತ್ತೇನೆ ಎಂದು ಹೇಳಿ ಹೊರಗೆ ಬಂದೆ.

ಅಪ್ಪ ಲೋಕೇಶಪ್ಪ ಬೋರ್‌ವೆಲ್ ಕೊರೆಯುವ ಲಾರಿಯಲ್ಲಿ ಕೆಲಸ ಮಾಡುತ್ತಿದ್ದ. ತಿಂಗಳುಗಟ್ಟಲೆ ಊರೂರು ತಿರುಗಿ ಮನೆಗೆ ಬರುತ್ತಿದ್ದ. ಬಂದ ಎರಡು ದಿನ ಚೆನ್ನಾಗಿರುತ್ತಿದ್ದ. ಮೂರನೇ ದಿನದಿಂದ ಅವ್ವ ಉಸಿರು ಬಿಗಿಹಿಡಿದು ಓಡಾಡುತ್ತಿದ್ದಳು. ಒಂದು ಬೆಳಿಗ್ಗೆ ರೊಟ್ಟಿ ತಣ್ಣಗಿದೆ ಎಂದು ಒಲೆಯ ಮೇಲಿದ್ದ ಕಾದ ಹೆಂಚನ್ನು ಇಕ್ಕಳದಲ್ಲಿ ಎತ್ತಿ ಅವ್ವನ ಕಡೆಗೆ ಎಸೆದಿದ್ದ. ಮೊಣಕೈ ಕೆಳಗೆ ಆ ಕಲೆ ಇವತ್ತಿಗೂ ಇದೆ. ನಾನು ಆರನೇ ಕ್ಲಾಸಿನಲ್ಲಿದ್ದಾಗ, ಏಳು ಮುಗಿದ ಮೇಲೆ ಶಾಲೆ ಸಾಕು, ಉಬ್ರಾಣಿಯಲ್ಲಿರುವ ತನ್ನ ಅಕ್ಕನ ಮಗನಿಗೆ ನನ್ನನ್ನು ಕೊಡುವುದೆಂದು ಮಾತು ಕೊಟ್ಟು ಬಂದ. ಅವ್ವ ಒಪ್ಪಲಿಲ್ಲ. ಆ ಜಗಳದಲ್ಲಿ ಲಾರಿಗೆ ಹೋದವನು ಮತ್ತೆ ಬರಲಿಲ್ಲ. ಬರಲಿಲ್ಲವೆಂದು ಅವ್ವ ಒಂದು ದಿನವೂ ಅತ್ತಿದ್ದನ್ನು ನಾನು ನೋಡಲಿಲ್ಲ. ಬಾಗಿಲಿಗೆ ಒಳಗಿನಿಂದ ಇನ್ನೊಂದು ಚಿಲಕ ಹಾಕಿಸಿದಳು, ಅಷ್ಟೆ.

ಉಬ್ರಾಣಿ ಇರುವುದು ಚನ್ನಗಿರಿ ತಾಲ್ಲೂಕಿನಲ್ಲೇ. ಅದಕ್ಕೇ ಕಾಲೇಜಿಗೆ ಸೇರಿದ ಮೇಲೆ ನಾನು ಪೇಟೆಗೆ ಹೋಗುವಾಗ ದುಪಟ್ಟಾವನ್ನು ಮುಖಕ್ಕೆ ಸುತ್ತಿಕೊಳ್ಳುತ್ತಿದ್ದೆ. ಬಿಸಿಲಿಗೆ ಎಂದು ಗೆಳತಿಯರಿಗೆ ಹೇಳುತ್ತಿದ್ದೆ.

ಆ ಭಾನುವಾರ ನ್ಯಾಮತಿಗೆ ಹೋದೆ. ಅವ್ವ ಬಾಗಿಲ ಬಳಿ ಬೆಳಕಿಗೆ ಕೂತು ಅಕ್ಕಿ ಆರಿಸುತ್ತಿದ್ದಳು. ಪಕ್ಕ ಕೂತು ಮೊರ ನನ್ನ ಕಡೆ ಎಳೆದುಕೊಂಡು ಕೇಳಿದೆ. "ಅವ್ವಾ, ಅರ್ಜಿಯಲ್ಲಿ ಅಪ್ಪ ಇಲ್ಲ ಅಂತ ಬರೆಸಿದ್ರೆ ಏನಾಗತೈತೆ?"

"ಇಲ್ಲ ಅಂದ್ರೆ?"

"ಅಂದ್ರೆ... ತೀರಿಕೊಂಡ ಅಂತ."

ಅವ್ವ ಮೊರವನ್ನು ನನ್ನ ಕೈಯಿಂದ ತೆಗೆದು ಕೆಳಗಿಟ್ಟಳು. ಕೊರಳಲ್ಲಿದ್ದ ತಾಳಿಯನ್ನು ಹೊರಗೆಳೆದು ತೋರಿಸಿದಳು. "ಇದನ್ನ ಯಾಕೆ ಇನ್ನೂ ಕಟ್ಕಂಡಿದೀನಿ ಅಂತ ನಂಗೇ ಗೊತ್ತಿಲ್ಲ. ಆದ್ರೆ ಉಸಿರಾಡೋ ಮನುಷ್ಯನ್ನ ಕಾಗದದಾಗೆ ಸಾಯಿಸಿ ನೀನು ಸೂಜಿ ಮದ್ದು ಕಲಿಯಾಕೆ ಹೋಗಬೇಡ. ಹಂಗೆ ಕಲಿಯಾದಾದ್ರೆ ಬ್ಯಾಡ. ಗಂಟು ಕಟ್ಕಂಡು ಮನೆಗೆ ಬಾ."

"ಹಂಗಾದ್ರೆ ಅಪ್ಪನ್ನೇ ಹೋಗಿ ಕೇಳಲಾ?"

ಅವ್ವ ನನ್ನ ಮಣಿಕಟ್ಟು ಹಿಡಿದಳು. "ನೀನೆಲ್ಲಿ ಓದ್ತೀಯ ಅಂತ ಅವನಿಗೆ ಗೊತ್ತಾಗಬಾರದು ರೇಖಾ. ಗೊತ್ತಾದ ದಿನ ಬಂದು ಎಳಕಂಡು ಹೋಗ್ತಾನೆ. ಕೇಳಾಕೆ ನಾನಲ್ಲಿ ಇರಲ್ಲ."

ಹಿಂತಿರುಗುವಾಗ ಹೊನ್ನಾಳಿಯಲ್ಲಿ ಬಸ್ಸು ಬದಲಿಸಬೇಕಿತ್ತು. ಅವ್ವನ ತಮ್ಮ ಸಿದ್ದೇಶ ಮಾವನ ಪಂಚರ್ ಅಂಗಡಿ ಅಲ್ಲೇ ಬಸ್‌ಸ್ಟ್ಯಾಂಡಿನ ಎದುರು. ಅಪ್ಪನನ್ನು ಜಗಳೂರಿನಲ್ಲಿ ನೋಡಿದ್ದಾಗಿ ಮಾವ ಒಂದು ಸಲ ಅವ್ವನಿಗೆ ಪಿಸುಮಾತಿನಲ್ಲಿ ಹೇಳಿದ್ದು ನನ್ನ ಕಿವಿಗೆ ಬಿದ್ದಿತ್ತು. ಅಂಗಡಿಯ ಸ್ಟೂಲಿನ ಮೇಲೆ ಕೂತು ಎಲ್ಲಾ ಹೇಳಿದೆ. ಮಾವ ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಗುಳ್ಳೆ ಹುಡುಕುತ್ತಾ ಕೇಳಿಸಿಕೊಂಡರು.

"ಜಗಳೂರು ಬಸ್‌ಸ್ಟ್ಯಾಂಡ್ ದಾಟಿದ್ರೆ ಒಂದು ಮಂಡಕ್ಕಿ ಮಿರ್ಚಿ ಅಂಗಡಿ. ತಿಪ್ಪಮ್ಮ ಅಂತ ಹೆಣ್ಣುಮಗಳು ನಡೆಸ್ತಾಳೆ. ನಿಮ್ಮಪ್ಪ ಆಕಿ ಜೊತೆ ಅದಾನೆ. ಒಂದು ಹೆಣ್ಣು ಕೂಸೂ ಐತೆ. ಹೋಗಬ್ಯಾಡ ಕಣವ್ವ, ನನ್ನ ಮಾತು ಕೇಳು. ನಾನೂ ಬರಾಕಾಗಲ್ಲ. ನನ್ನ ನೋಡಿದ್ರೆ ಅವನು ಮಾತೇ ಆಡಲ್ಲ, ನೇರ ಕೈ ಎತ್ತತಾನೆ."

ಹೋಗಬೇಡ ಎಂದವರು ದಾರಿಯನ್ನೂ ಹೇಳಿದ್ದರು. ಕಾಲೇಜಿಗೆ ಬಂದು ಮೂರು ದಿನ ಯೋಚಿಸಿದೆ. ತಿಂಗಳ ಕೊನೆಗೆ ಇನ್ನು ನಾಲ್ಕು ದಿನ ಉಳಿದಿತ್ತು. ಗುರುವಾರ ಬೆಳಿಗ್ಗೆ ಹೊಟ್ಟೆನೋವು ಎಂದು ರಜೆ ಕೇಳಿ ಮೊದಲ ಬಸ್ಸಿಗೆ ಹೊರಟೆ. ಹೊಟ್ಟೆನೋವು ಸುಳ್ಳೇನೂ ಆಗಿರಲಿಲ್ಲ. ಸಂತೇಬೆನ್ನೂರು ಬರುವ ಹೊತ್ತಿಗೆ ಕಿಟಕಿಯಿಂದ ತಲೆ ಹೊರಹಾಕಿ ವಾಂತಿ ಮಾಡಿಕೊಂಡೆ. ಪಕ್ಕದಲ್ಲಿದ್ದ ಹೆಂಗಸು ನಿಂಬೆಹಣ್ಣು ಕೊಟ್ಟು, "ಎಲ್ಲಿಗೆ ಹೊಂಟೀಯವ್ವ?" ಎಂದು ಕೇಳಿದಳು. "ನಮ್ಮಪ್ಪನ ಮನೆಗೆ" ಎಂದೆ. "ಹಂಗಾದ್ರೆ ಯಾಕೆ ಅಳ್ತೀಯ?" ಎಂದಳು. ಅಳುತ್ತಿದ್ದೇನೆ ಎಂದು ನನಗೆ ಗೊತ್ತಾಗಿದ್ದೇ ಆಗ.

ದಾವಣಗೆರೆಯಲ್ಲಿ ಇಳಿದು ಇನ್ನೊಂದು ಬಸ್ಸು ಹತ್ತಿ ಜಗಳೂರು ಸೇರಿದಾಗ ಹನ್ನೊಂದು ದಾಟಿತ್ತು. ಗಾಳಿ ಜೋರಾಗಿತ್ತು, ರಸ್ತೆಯ ಕೆಂಪು ಧೂಳು ಬಾಯಿಗೆಲ್ಲ ಬರುತ್ತಿತ್ತು. ಕಾಲೇಜಿನ ಗುರುತಿನ ಚೀಟಿಯನ್ನು ಬ್ಯಾಗಿನ ತಳಕ್ಕೆ ತುರುಕಿದೆ. ರುದ್ರೇಶಣ್ಣನಿಗೆ ಫೋನು ಮಾಡಿದೆ. "ನಾನು ರೆಡಿ ಅದೀನಿ. ನೀನು ಹ್ಞೂಂ ಅಂದ ಕೂಡ್ಲೆ ಓಟಿಪಿ ಕಳಿಸ್ತೀನಿ. ಹತ್ತು ನಿಮಿಷ ಮಾತ್ರ ಇರತೈತೆ, ನೆನಪಿಟ್ಕ" ಎಂದರು.

ಅಂಗಡಿ ಸಿಕ್ಕಿತು. ತಗಡಿನ ಮಾಡು, ಮುಂದೆ ದೊಡ್ಡ ಬಾಣಲಿ. ಗಟ್ಟಿಮುಟ್ಟಾದ ಹೆಂಗಸೊಬ್ಬಳು ಮೆಣಸಿನಕಾಯಿಯನ್ನು ಹಿಟ್ಟಿನಲ್ಲಿ ಅದ್ದಿ ಎಣ್ಣೆಗೆ ಬಿಡುತ್ತಿದ್ದಳು. ಬೆಂಚಿನ ಮೇಲೆ ಆರು ವರ್ಷದ ಹುಡುಗಿ ಜ್ವರ ಬಂದಂತೆ ಶಾಲು ಹೊದ್ದು ಕೂತು ಸ್ಲೇಟಿನ ಮೇಲೆ ಏನೋ ಬರೆಯುತ್ತಿತ್ತು. ಆ ಹುಡುಗಿಯ ಹಣೆ, ಹುಬ್ಬು ನನ್ನವೇ.

"ಎಷ್ಟು ಕಟ್ಟಲಿ?" ಎಂದಳು ತಿಪ್ಪಮ್ಮ.

"ಲೋಕೇಶಪ್ಪನವರನ್ನ ನೋಡಬೇಕಿತ್ತು."

"ಒಳಗೆ ಮಲಗ್ಯಾರೆ. ನೀನು ಯಾರು?"

ದೂರದ ಸಂಬಂಧಿ ಎಂದು ಹೇಳಬೇಕೆಂದು ಬಸ್ಸಿನಲ್ಲಿ ಬಾಯಿಪಾಠ ಮಾಡಿದ್ದೆ. ಬಾಯಿಗೆ ಬಂದದ್ದೇ ಬೇರೆ. "ಮಗಳು."

"ಯಾರ ಮಗಳು?"

"ಅವರ ಮಗಳು. ನ್ಯಾಮತಿಯಿಂದ ಬಂದೀನಿ."

ಆಕೆ ಜಾಲರಿ ಸೌಟನ್ನು ಎಣ್ಣೆಯಿಂದ ಎತ್ತಿದವಳು ಹಾಗೇ ನಿಂತಳು. "ನೋಡವ್ವ, ನೀನು ತಪ್ಪು ವಿಳಾಸಕ್ಕೆ ಬಂದೀಯ. ಇವರ ಮೊದಲ ಹೆಂಡ್ತಿ ಹೆರಿಗೇಲಿ ತೀರಿಕೊಂಡ್ಲು. ಕೂಸೂ ಉಳೀಲಿಲ್ಲ. ಪಾಪ, ಅದನ್ನ ಹೇಳ್ಕಂಡು ಇದೇ ಬೆಂಚಿನ ಮೇಲೆ ಕೂತು ಎಷ್ಟು ಅತ್ತಾರೆ ಗೊತ್ತಾ."

ಆ ಕೂಸು ನಾನು. ಏಳು ವರ್ಷದಿಂದ ಈ ಊರಿನಲ್ಲಿ ಅವ್ವನೂ ನಾನೂ ಸತ್ತುಹೋಗಿದ್ದೆವು. ಫೋನು ತೆಗೆದು, ಶಾಲೆಯ ಅಡುಗೆಮನೆಯಲ್ಲಿ ಅವ್ವ ದೊಡ್ಡ ಪಾತ್ರೆಯ ಮುಂದೆ ನಗುತ್ತಾ ನಿಂತಿದ್ದ ಫೋಟೋ ತೋರಿಸಿದೆ. ಆಮೇಲೆ ನನ್ನ ಆಧಾರ್ ತೋರಿಸಿದೆ, ತಂದೆಯ ಹೆಸರಿರುವ ಕಡೆ ಬೆರಳಿಟ್ಟು. ತಿಪ್ಪಮ್ಮ ಕೈ ಒರೆಸಿಕೊಂಡು ಎರಡನ್ನೂ ನೋಡಿದಳು. ನೋಡಿ, ಬೆಂಚಿನ ಮೇಲಿದ್ದ ಮಗಳನ್ನು ನೋಡಿದಳು. ಮತ್ತೆ ನನ್ನ ಹಣೆ ನೋಡಿದಳು. ಬಾಣಲಿಯಲ್ಲಿದ್ದ ಮಿರ್ಚಿ ಕಪ್ಪಾಗುತ್ತಿತ್ತು.

ಅಷ್ಟರಲ್ಲಿ ಒಳಗಿನಿಂದ ಅಪ್ಪ ಬಂದ. ಸೊರಗಿದ್ದ. ನನ್ನ ನೆನಪಿನಲ್ಲಿದ್ದ ಅಪ್ಪ ಬಾಗಿಲು ತುಂಬುವಷ್ಟು ದೊಡ್ಡವನಿದ್ದ. ಆದರೂ ಅವನನ್ನು ಕಂಡ ಕೂಡಲೇ ನನ್ನ ದೇಹ ಹಿಂದಕ್ಕೆ ಸರಿಯಿತು. ಅವನು ಒಂದು ಕ್ಷಣ ಕಣ್ಣು ಕಿರಿದು ಮಾಡಿದ, ಗುರುತು ಹಿಡಿದ. "ನೀನ್ಯಾಕೆ ಬಂದೆ ಇಲ್ಲಿಗೆ?" ಎಂದು ಅರಚಿದ. ಲಾರಿಯ ಸದ್ದಿಗೆ ಅವನ ಕಿವಿ ಅರ್ಧ ಹೋಗಿತ್ತು, ಆಡಿದ್ದೆಲ್ಲ ಅರಚಿದಂತೆಯೇ. ಅದು ನನಗೆ ಆಗ ಗೊತ್ತಿರಲಿಲ್ಲ.

"ಅಪ್ಪಾ, ನಂಗೆ ಏನೂ ಬೇಡ. ಕಾಲೇಜಿನ ಅರ್ಜಿಗೆ ನಿನ್ನ ಫೋನಿಗೆ ಒಂದು ನಂಬರ್ ಬರತೈತೆ. ಅದೊಂದನ್ನ ಹೇಳಿದ್ರೆ ಹೋಗಿಬಿಡ್ತೀನಿ."

"ಕಾಲೇಜಾ? ಯಾವ ಕಾಲೇಜು? ಯಾರನ್ನ ಕೇಳಿ ಸೇರಿದೆ?" ಎಂದು ಹತ್ತಿರ ಬಂದ. ನಾನು ಬ್ಯಾಗನ್ನು ಎದೆಗೆ ಒತ್ತಿಕೊಂಡೆ. ಅವನ ಕೈ ಏಳುವುದಕ್ಕಾಗಿ ಕಾಯುತ್ತಿದ್ದೆ, ಏಳು ವರ್ಷದ ಹಿಂದೆ ಕಾಯುತ್ತಿದ್ದ ಹಾಗೆಯೇ, ಕಣ್ಣು ಮುಚ್ಚಿ.

"ಮುಟ್ಟಿದ್ರೆ ನೋಡು ಅಕಿನ್ನ."

ಕಣ್ಣು ಬಿಟ್ಟೆ. ತಿಪ್ಪಮ್ಮ ನಮ್ಮಿಬ್ಬರ ನಡುವೆ ನಿಂತಿದ್ದಳು. ಕೈಯಲ್ಲಿ ಎಣ್ಣೆ ಸೋರುವ ಜಾಲರಿ ಸೌಟು. ಅವನ ಮುಖ ನೋಡದೆಯೇ ನನಗೆ ಹೇಳಿದಳು, "ಆ ನಂಬರ್ ಕಳಿಸೋರಿಗೆ ಫೋನು ಹಚ್ಚು. ಇವರ ಸಿಮ್ಮು ನನ್ನ ಫೋನಿನಾಗೇ ಐತೆ."

ರುದ್ರೇಶಣ್ಣನಿಗೆ ಹಚ್ಚಿ "ಹ್ಞೂಂ ಅಣ್ಣ" ಎಂದೆ. ಕಾದೆವು. ತಿಪ್ಪಮ್ಮನ ಫೋನು ಮಂಡಕ್ಕಿ ಡಬ್ಬದ ಪಕ್ಕದಲ್ಲಿತ್ತು. ಏನೂ ಬರಲಿಲ್ಲ. "ಸರ್ವರ್ ತಿರುಗ್ತಾ ಐತೆ, ಕಟ್ ಮಾಡಬೇಡ" ಎಂದು ರುದ್ರೇಶಣ್ಣನ ದನಿ. ಅಪ್ಪ ಬೈಯುತ್ತಿದ್ದ. ಅವ್ವನನ್ನು, ನನ್ನನ್ನು, ಓದಿಸಿದವರನ್ನು. ಗಿರಾಕಿಗಳಿಬ್ಬರು ದೂರದಲ್ಲೇ ನಿಂತರು. ಸ್ಲೇಟಿನ ಹುಡುಗಿ ಅಳತೊಡಗಿತು. ಫೋನು ಗುಂಯ್ ಎಂದಿತು. ತಿಪ್ಪಮ್ಮ ಕಣ್ಣ ಹತ್ತಿರ ಹಿಡಿದು ಒಂದೊಂದೇ ಅಂಕಿಯನ್ನು ಜೋರಾಗಿ ಓದಿದಳು, ನಾನು ಒಂದೊಂದನ್ನೇ ಆಚೆಗೆ ಹೇಳಿದೆ. ಐದನೆಯದರಲ್ಲಿ ಅಪ್ಪ ಫೋನಿಗೆ ಕೈ ಹಾಕಿದ. ತಿಪ್ಪಮ್ಮ ಮೊಣಕೈಯಿಂದ ಅವನನ್ನು ನೂಕಿ ಆರನೆಯದನ್ನು ಓದಿದಳು.

"ತಗಂತವ್ವ! ಹಸಿರು ಗುರುತು ಬಂತು" ಎಂದರು ರುದ್ರೇಶಣ್ಣ.

ನಾನು ತಿಪ್ಪಮ್ಮನ ಕಾಲಿಗೆ ಬಾಗಲು ಹೋದೆ. ಆಕೆ ತಡೆದಳು. ದನಿಯಲ್ಲಿ ಸಿಟ್ಟೂ ಇರಲಿಲ್ಲ, ಕರುಣೆಯೂ ಇರಲಿಲ್ಲ. "ಹೋಗವ್ವ, ಬಸ್ಸು ಹೊಂಟೈತೆ. ಇನ್ನು ಇಲ್ಲಿ ನಡೆಯಾದು ನಮ್ಮ ಮನೆ ಮಾತು. ನೀನು ನೋಡಾದು ಬ್ಯಾಡ."

ರಸೀದಿ ತೋರಿಸಿದೆ. ಕೌಂಟರಿನ ಮೇಡಂ ನಕ್ಕರು. ಗೆಳತಿಯರು ಟೀ ಕುಡಿಸು ಎಂದರು. ಆದರೆ ನನ್ನ ಹೆದರಿಕೆ ಹೋಗಲಿಲ್ಲ, ಬೆಳೆಯಿತು. ಯಾಕೆಂದರೆ ಎರಡು ದಿನದ ನಂತರ ನನ್ನ ಫೋನಿಗೆ ಒಂದು ಸಂದೇಶ ಬಂತು: ಇಂಥ ಕಾಲೇಜಿನ ಇಂಥ ವಿದ್ಯಾರ್ಥಿನಿಯ ಅರ್ಜಿ ಸ್ವೀಕೃತವಾಗಿದೆ ಎಂದು. ಕಾಲೇಜಿನ ಹೆಸರು, ಊರು ಎರಡೂ ಅದರಲ್ಲಿದ್ದವು. ಓಡಿಹೋಗಿ ರುದ್ರೇಶಣ್ಣನನ್ನು ಕೇಳಿದೆ. "ತಂದೆ ನಂಬರಿಗೂ ಹೋಗಿರತೈತೆ, ಅದು ತಾನಾಗೇ ಹೋಗೋದು" ಎಂದರು. ಆ ದಿನದಿಂದ ಕ್ಲಾಸಿನಲ್ಲಿ ಗೇಟು ಕಾಣುವ ಕಿಟಕಿಯ ಪಕ್ಕ ಕೂರತೊಡಗಿದೆ. ಗೇಟಿನಲ್ಲಿ ಯಾರು ನಿಂತರೂ ಪೆನ್ನು ನಿಲ್ಲುತ್ತಿತ್ತು. ದೇಹದ ಮೂಳೆಗಳ ಹೆಸರು ಓದುತ್ತಿದ್ದವಳಿಗೆ ಒಂದೂ ತಲೆಗೆ ಹೋಗುತ್ತಿರಲಿಲ್ಲ. ಅವ್ವ ಫೋನು ಮಾಡಿ, "ಅರ್ಜಿ ಹೆಂಗಾಯ್ತು?" ಎಂದು ಕೇಳಿದಾಗ, "ಅವ್ವನ ಹೆಸರೇ ಸಾಕಂತೆ" ಎಂದು ಸುಳ್ಳು ಹೇಳಿದೆ. "ನೋಡಿದ್ಯಾ, ದೇವ್ರು ದಾರಿ ತೋರಿಸ್ದ" ಎಂದಳು.

ಎರಡು ವಾರವಾಗಿತ್ತು. ಪರೀಕ್ಷೆಗೆ ಐದು ದಿನವಿತ್ತು. ಬೆಳಗಿನ ಎರಡನೇ ಪೀರಿಯಡ್ಡು. ಕಿಟಕಿಯಿಂದ ಅಪ್ಪನನ್ನು ಕಂಡೆ. ಗೇಟಿನ ಹೊರಗೆ, ಕಾಲ ಬಳಿ ಒಂದು ದೊಡ್ಡ ಪ್ಲಾಸ್ಟಿಕ್ ಚೀಲ ಇಟ್ಟುಕೊಂಡು ನಿಂತಿದ್ದ. ಹತ್ತೇ ನಿಮಿಷದಲ್ಲಿ ವಾಚ್‌ಮನ್ ಬಂದು, "ರೇಖಾ ಅನ್ನೋರು ಯಾರ್ರೀ? ನಿಮ್ಮ ತಂದೆ ಬಂದಾರೆ" ಎಂದರು. ಹುಡುಗಿಯರೆಲ್ಲ ನನ್ನ ಕಡೆ ತಿರುಗಿ ನಕ್ಕರು. ಮನೆಯಿಂದ ತಿಂಡಿ ತಂದಿರಬಹುದು ಎಂದು.

ಮೆಟ್ಟಿಲಿಳಿದದ್ದು ನೆನಪಿಲ್ಲ. ಗೇಟನ್ನು ದಾಟಲಿಲ್ಲ, ಕಂಬಿಗಳ ಈಚೆಗೇ ನಿಂತೆ. ವಾಚ್‌ಮನ್ ಹತ್ತಿರದಲ್ಲೇ ಇರಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

"ಅಕಿ ನನ್ನ ಹೊರಗೆ ಹಾಕಿದ್ಲು" ಎಂದ ಅಪ್ಪ. "ಚೀಲ ಬೀದಿಗೆ ಎಸೆದ್ಲು. ನಿನ್ನಿಂದ."

ಅವನು ಕಂಬಿಗಳಿಗೆ ಇನ್ನೂ ಹತ್ತಿರ ಬಂದ.

"ನಿಮ್ಮವ್ವ ಅದೇ ಮನೇಲಿ ಅದಾಳಾ?"

"ಇಲ್ಲ" ಎಂದೆ. "ಅವ್ವ ಈಗ ಅಲ್ಲಿಲ್ಲ."

"ಎಲ್ಲದಾಳೆ?"

"ಗೊತ್ತಿಲ್ಲ."

ಅವನು ನನ್ನ ಮುಖವನ್ನೇ ನೋಡಿದ. ಅವನಿಗೆ ಕೇಳಿಸಿತೋ ಇಲ್ಲವೋ, ನನ್ನ ಸುಳ್ಳು ಮಾತ್ರ ಕಂಡಿತು. "ಹೆಂಡ್ತಿ ಮನೆಗೆ ಹೋಗಾಕೆ ನಾನು ಯಾರ ಅಪ್ಪಣೆ ಕೇಳಬೇಕು?" ಎಂದು ಚೀಲ ಎತ್ತಿಕೊಂಡು ಬಸ್‌ಸ್ಟ್ಯಾಂಡಿನ ಕಡೆಗೆ ನಡೆದ. ನನ್ನನ್ನು ಎಳೆದುಕೊಂಡು ಹೋಗುತ್ತಾನೆಂದು ಅಷ್ಟು ದಿನ ಹೆದರಿದ್ದೆ. ಅವನು ಹೊರಟದ್ದು ಅವ್ವನ ಕಡೆಗೆ. ಮೊಣಕೈಯ ಕೆಳಗಿನ ಆ ಕಲೆ ಕಣ್ಣ ಮುಂದೆ ಬಂತು.

ಅವ್ವನಿಗೆ ಫೋನು ಮಾಡಿದೆ. ಎತ್ತಲಿಲ್ಲ. ಅಡುಗೆ ಹೊತ್ತಿನಲ್ಲಿ ಅವಳು ಫೋನನ್ನು ಚೀಲದಲ್ಲಿಟ್ಟು ಗೋಡೆಗೆ ನೇತುಹಾಕುತ್ತಾಳೆ. ಏಳು ಸಲ ಮಾಡಿದೆ. ಎಂಟನೆಯದಕ್ಕೆ ಎತ್ತಿದಳು. ಹಿಂದೆ ಕುಕ್ಕರಿನ ಸದ್ದು, ಮಕ್ಕಳ ಗಲಾಟೆ. ನಾನು ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿದೆ. ಜಗಳೂರು, ಓಟಿಪಿ, ತಿಪ್ಪಮ್ಮ, ಗೇಟು. ಒಂದನ್ನು ಮಾತ್ರ ಬಿಟ್ಟೆ. ಆ ಊರಿನಲ್ಲಿ ತಾನು ಸತ್ತಿರುವುದು ಅವ್ವನಿಗೆ ಗೊತ್ತಾಗುವುದು ಬೇಡ ಎನ್ನಿಸಿತು.

ಬೈಗುಳ ಬರುತ್ತದೆ ಎಂದು ಕಾದೆ.

"ನೀನು ಊಟ ಮಾಡಿದ್ಯಾ?" ಎಂದಳು.

"ಅವ್ವಾ, ಮನೆ ಬೀಗ ಹಾಕ್ಕಂಡು ಎಲ್ಲಾದ್ರೂ ಹೋಗು. ಈಗ್ಲೇ ಹೋಗು."

"ಎಲ್ಲಿಗೆ ಹೋಗಲಿ? ನೂರಾ ಇಪ್ಪತ್ತು ಮಕ್ಳ ಊಟ ಆಗಬೇಕು. ನೀನು ಹೋಗಿ ಓದ್ಕ" ಎಂದು ಫೋನು ಇಟ್ಟಳು.

ಹನ್ನೆರಡೂವರೆಗೆ ಹೊನ್ನಾಳಿಯಿಂದ ಸಿದ್ದೇಶ ಮಾವ ಫೋನು ಮಾಡಿದರು. ಅಪ್ಪ ನ್ಯಾಮತಿ ಬಸ್ಸು ಹತ್ತಿದ್ದನ್ನು ಕಂಡು, ತಾವೂ ಬೈಕಿನಲ್ಲಿ ಹಿಂದೆಯೇ ಹೊರಟಿರುವುದಾಗಿ ಹೇಳಿದರು. ಅದಾದ ಮೇಲೆ ಯಾರೂ ಫೋನು ಎತ್ತಲಿಲ್ಲ. ನಾನು ಹಾಸ್ಟೆಲಿನ ನೀರಿನ ಟ್ಯಾಂಕಿನ ಹಿಂದೆ ಕೂತಿದ್ದೆ. ಬಿಸಿಲು ನೆತ್ತಿ ಸುಡುತ್ತಿತ್ತು, ಏಳಬೇಕೆನಿಸಲಿಲ್ಲ. ಓದು, ಫೀಸು, ಪರೀಕ್ಷೆ ಎಲ್ಲ ಅಲ್ಪವಾಗಿ ಕಂಡಿತು. ಯಾವುದೋ ಅರ್ಜಿಯ ಒಂದು ಖಾಲಿ ಜಾಗ ತುಂಬಿಸಲು ಹೋಗಿ ಅವ್ವ ಏಳು ವರ್ಷ ಹಾಕಿಕೊಂಡಿದ್ದ ಚಿಲಕವನ್ನು ನಾನೇ ತೆಗೆದಿದ್ದೆ.

ಮೂರು ಗಂಟೆಗೆ ಮಾವನ ಫೋನು ಬಂತು. ಏದುಸಿರು ಬಿಡುತ್ತಿದ್ದರು, ಆದರೆ ದನಿಯಲ್ಲಿ ಗಾಬರಿ ಇರಲಿಲ್ಲ.

"ಏನೂ ಆಗಿಲ್ಲ ಕಣವ್ವ. ಅವನು ನೇರ ಸ್ಕೂಲಿಗೇ ಬಂದ. ನಾನು ಹೋಗಿ ಮುಟ್ಟೋ ಹೊತ್ತಿಗೆ ಊಟದ ಗಂಟೆ ಹೊಡೆದಿತ್ತು, ಮಕ್ಳೆಲ್ಲ ತಟ್ಟೆ ಹಿಡಿದು ಸಾಲಿಗೆ ನಿಂತಿದ್ವು. ನಿಮ್ಮವ್ವ ಬಡಿಸ್ತಾ ಇದ್ಲು. ಇವನು ಅಷ್ಟು ಮಂದಿ ಮುಂದೆ 'ಹಾಲಮ್ಮಾ' ಅಂತ ಕೂಗಿದ. ಮೇಷ್ಟ್ರುಗಳೆಲ್ಲ ಹೊರಗೆ ಬಂದ್ರು. ನಿಮ್ಮವ್ವ ತಿರುಗಿ ನೋಡಿದ್ಲು. ಒಂದು ತಟ್ಟೆ ತಗಂಡ್ಲು, ಅನ್ನ ಸಾಂಬಾರು ಹಾಕಿದ್ಲು, ತಂದು ಕಟ್ಟೆ ಮೇಲಿಟ್ಲು. 'ಹಸಗೊಂಡು ಬಂದಂಗೈತೆ, ಉಣ್ಣು. ಉಂಡು ಬಂದ ದಾರಿ ಹಿಡಿ. ಮನೆಗೆ ಬರಬ್ಯಾಡ. ಮನೇಲಿ ನಿನಗೆ ಜಾಗ ಇಲ್ಲ' ಅಂದ್ಲು. ಅಷ್ಟೇ ಅಂದಿದ್ದು. ಮತ್ತೆ ಹೋಗಿ ಮಕ್ಳಿಗೆ ಬಡಿಸಾಕೆ ನಿಂತ್ಲು."

"ಅಪ್ಪ ಏನಂದ?"

"ಏನೂ ಅನ್ನಲಿಲ್ಲ. ಉಂಡ. ತಟ್ಟೆ ತೊಳೆದಿಟ್ಟ. ನಾನೇ ಬೈಕಲ್ಲಿ ಕೂರಿಸ್ಕಂಡು ಬಸ್ಸಿಗೆ ಹತ್ತಿಸಿ ಬಂದೆ."

ಅಪ್ಪ ಮತ್ತೆ ಲಾರಿ ಸೇರಿ ತಮಿಳುನಾಡಿನ ಕಡೆ ಹೋದನೆಂದು ಆಮೇಲೆ ಕೇಳಿದೆವು. ಜಗಳೂರಿಗೆ ನಾನು ಮತ್ತೆ ಹೋಗಲಿಲ್ಲ. ಅಂಗಡಿಯ ತಗಡಿನ ಮೇಲೆ ಬರೆದಿದ್ದ ತಿಪ್ಪಮ್ಮನ ನಂಬರನ್ನು ಅವತ್ತೇ ಗುರುತು ಹಾಕಿಕೊಂಡಿದ್ದೆ; ಒಂದೆರಡು ಸಲ ಅದನ್ನು ಒತ್ತಿ, ರಿಂಗ್ ಆಗುವ ಮೊದಲೇ ನಿಲ್ಲಿಸಿದ್ದೇನೆ. ಆ ಸ್ಲೇಟಿನ ಹುಡುಗಿಗೆ ಈಗ ಹದಿನಾಲ್ಕು. ಅವಳ ಮಟ್ಟಿಗೆ ಅಪ್ಪ ಒಳ್ಳೆಯವನಾಗಿದ್ದಿರಬಹುದು. ಅವನನ್ನು ಅವಳಿಂದ ಕಿತ್ತವಳು ನಾನು ಎಂಬ ಭಯ ಕೆಲವು ಸಲ ಊಟದ ನಡುವೆ ಬರುತ್ತದೆ, ತಟ್ಟೆ ಪಕ್ಕಕ್ಕಿಡುತ್ತೇನೆ. ಸುಳ್ಳು ಹ್ಯಾಗೂ ಒಂದು ದಿನ ಬಿಚ್ಚುತ್ತಿತ್ತು ಎಂದು ಸಮಾಧಾನ ಮಾಡಿಕೊಳ್ಳುತ್ತೇನೆ. ಪೂರ್ತಿ ಸಮಾಧಾನ ಆಗುವುದಿಲ್ಲ.

ಪರೀಕ್ಷೆ ಬರೆದೆ. ಒಂದು ವಿಷಯದಲ್ಲಿ ಕೂದಲೆಳೆಯಲ್ಲಿ ಪಾಸಾದೆ, ಅದು ಮೂಳೆಗಳ ಪತ್ರಿಕೆ. ವಿದ್ಯಾರ್ಥಿವೇತನ ಬೇಸಿಗೆ ರಜೆಯಲ್ಲಿ ಬಂತು, ಫೀಸಿಗೆ ಜಮಾ ಆಯಿತು. ಆ ರಜೆಯಲ್ಲಿ ಅವ್ವನ ಜೊತೆ ಹಿತ್ತಿಲಲ್ಲಿ ಪಾತ್ರೆ ತೊಳೆಯುತ್ತಾ ಕೂತಿದ್ದಾಗ, ಅಷ್ಟು ದಿನ ಕೇಳಲಾಗದ್ದನ್ನು ಕೇಳಿದೆ.

"ಅವತ್ತು ಅಪ್ಪ ಕೂಗಿದಾಗ ನಿಂಗೆ ಹೆದರಿಕೆ ಆಗಲಿಲ್ವಾ ಅವ್ವಾ?"

ಅವ್ವ ತಿಕ್ಕುತ್ತಿದ್ದ ಪಾತ್ರೆಯನ್ನು ಮಡಿಲಲ್ಲಿ ಇಟ್ಟುಕೊಂಡು ನನ್ನನ್ನು ನೋಡಿದಳು. "ಆಗದೆ ಇರತೈತಾ? ಕೈ ಹೆಂಗೆ ನಡುಗ್ತು ಅಂದ್ರೆ, ಒಂದು ಸೌಟು ಹಾಕಾಕೆ ಹೋಗಿ ಮೂರು ಸೌಟು ಬಿತ್ತು. ತಟ್ಟೆ ತುಂಬಿ ಹೋಯ್ತು. ಆ ಮೂಳ, ನಾನು ಪ್ರೀತೀಲಿ ಬಡಿಸಿದೆ ಅಂದ್ಕಂಡು ಪೂರಾ ಉಂಡ."

ಹೇಳಿ ನಕ್ಕಳು. ನಾನೂ ನಕ್ಕೆ. ನಗುತ್ತಿದ್ದ ಹಾಗೇ ಹಿಂದಿನ ಬೀದಿಯಲ್ಲಿ ಯಾವುದೋ ಗಂಡಸಿನ ಕೆಮ್ಮು ಕೇಳಿಸಿತು. ನಾವಿಬ್ಬರೂ ಒಟ್ಟಿಗೇ ನಿಲ್ಲಿಸಿ, ಆ ಹೆಜ್ಜೆ ಸದ್ದು ನಮ್ಮ ಬಾಗಿಲು ದಾಟಿ ಮುಂದೆ ಹೋಗುವವರೆಗೂ ಅಲ್ಲಾಡದೆ ಕೂತೆವು.